ಕೈಪಿಡಿಯೂ ಕೈಹಿಡಿದವಳೂ

ನನ್ನ ಪುಸ್ತಕವನ್ನು ಯಾರೂ ಓದುತ್ತಿಲ್ಲ ಎಂಬ ಸಂಗತಿ ಹಿಂದಿನ ಕಾಲದಲ್ಲಾಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಕಾಗದದ ಪುಸ್ತಕ ಗುಟ್ಟು ಬಿಟ್ಟುಕೊಡುವುದಿಲ್ಲ. ಮೊಬೈಲಿನ ಪಠ್ಯಪುಸ್ತಕವೋ, ಯಾರು ತೆರೆದರು, ಎಷ್ಟು ಹೊತ್ತು ಓದಿದರು, ಎಲ್ಲಿ ಆಕಳಿಸಿ ಮುಚ್ಚಿದರು, ಎಲ್ಲವನ್ನೂ ಚಾಡಿ ಹೇಳುತ್ತದೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ನನ್ನ ಅರ್ಥಶಾಸ್ತ್ರ ಕೈಪಿಡಿ ವಿದ್ಯಾರ್ಥಿಗಳ ಮೊಬೈಲಿಗೆ ಇಳಿದು ತಿಂಗಳಾಗುತ್ತ ಬಂದರೂ ಮುನ್ನುಡಿ ದಾಟಿದವರು ಒಬ್ಬರೇ. (ಅದು ನಾನು.)

ಪ್ರಾಂಶುಪಾಲರು ಮೊದಲೇ ಹೇಳಿದ್ದರು: "ನಿಮ್ದೂ ಇರಲಿ, ವಾಣಿಜ್ಯದ ಮೇಷ್ಟ್ರು ಬರೆದಿರೋ ಅರ್ಥಶಾಸ್ತ್ರವೂ ಇರಲಿ. ಹುಡುಗರು ಯಾವುದನ್ನ ಹೆಚ್ಚು ಓದ್ತಾರೋ ಅದೇ ಮುಂದಿನ ವರ್ಷದಿಂದ ಪಠ್ಯ." ಸೋತರೆ ನಿವೃತ್ತಿಯವರೆಗೂ ಆ ಮನುಷ್ಯನ ಪುಸ್ತಕ ಹಿಡಿದು ನಾನು ಪಾಠ ಮಾಡಬೇಕು!

ಕಾಗುಣಿತದ ತಪ್ಪುಗಳೇ ಓದುಗರನ್ನು ಓಡಿಸುತ್ತಿರಬೇಕೆಂದು ಅರ್ಧಾಂಗಿಯ ಮೊಬೈಲಿಗೂ ಕೈಪಿಡಿಯನ್ನು ಇಳಿಸಿಕೊಟ್ಟೆ.

"ತಪ್ಪು ಕಂಡಲ್ಲಿ ಪಕ್ಕದಲ್ಲೇ ಬರೆದುಬಿಡು."

"ಎಲ್ಲಾ ತಪ್ಪನ್ನೂನಾ?"

"ಒಂದನ್ನೂ ಬಿಡಬೇಡ," ಎಂದೆ. ವಿನಾಶಕಾಲೇ ವಿಪರೀತಬುದ್ಧಿ.

ವಾರದೊಳಗೆ ಪವಾಡವಾಯಿತು. ಕ್ಯಾಂಟೀನಿನಲ್ಲಿ, ಬಸ್ ಸ್ಟಾಪಿನಲ್ಲಿ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ನನ್ನ ಕೈಪಿಡಿ. ಕೆಲವರು ಓದುತ್ತ ಓದುತ್ತ ನಗುತ್ತಿದ್ದರು. (ಜ್ಞಾನಾನಂದ ಎಂದುಕೊಂಡೆ.) ವಾಣಿಜ್ಯದ ಮೇಷ್ಟ್ರು ಎದುರಾದರೆ ಮರುಕದಿಂದ ನೋಡತೊಡಗಿದೆ.

ಪ್ರಾಂಶುಪಾಲರು ಕರೆಸಿದರು. "ಗೆಲ್ತಾ ಇದೀರಿ ಮೇಷ್ಟ್ರೇ! ಆದ್ರೆ ಇದನ್ನ ನೋಡಿದೀರಾ?" ಎಂದು ತಮ್ಮ ಮೊಬೈಲು ಚಾಚಿದರು.

'ವಿವೇಕಿ ಗ್ರಾಹಕನು ಅಗತ್ಯವನ್ನು ತೂಗಿ ನೋಡಿಯೇ ಕೊಳ್ಳುತ್ತಾನೆ' ಎಂಬ ನನ್ನ ಸಾಲಿನ ಅಂಚಿನಲ್ಲಿ: 'ಇದನ್ನು ಬರೆದವರು ಒಂದು ಕೊಂಡರೆ ಒಂದು ಉಚಿತ ಅಂತ ಎರಡು ಛತ್ರಿ ತಂದರು. ಎರಡೂ ಬಿಚ್ಚುವುದಿಲ್ಲ.' ಶ್ರಮವಿಭಜನೆಯ ಪಕ್ಕದಲ್ಲಿ: 'ಬಟ್ಟೆ ಕೊಳೆ ಮಾಡುವುದು ಅವರು, ಒಗೆಯುವುದು ನಾನು.' ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮಕ್ಕೆ: 'ಒಂದೇ ಜೋಕು. ಮೊದಲ ಸಲ ನಗು, ಎರಡನೇ ಸಲ ಮುಗುಳ್ನಗು, ಹತ್ತನೇ ಸಲ ತಲೆನೋವು. ಉದಾಹರಣೆ: ನಮ್ಮ ಯಜಮಾನರು.'

ಕೈಪಿಡಿ ಬರೆದವನ ಮಾನವನ್ನು ಕೈಹಿಡಿದವಳೇ ಹರಾಜಿಗಿಟ್ಟಿದ್ದಳು. ಮನೆಗೆ ಬಂದು ಹಾರಾಡಿದೆ.

"ನಾನು ಹೇಳಿದ್ದು ಕಾಗುಣಿತದ ತಪ್ಪು ಕಣೇ!"

"ಒಂದನ್ನೂ ಬಿಡಬೇಡ ಅಂದೋರು ಯಾರು?"

"ಊರಿಗೆಲ್ಲಾ ಯಾಕೆ ತೋರಿಸ್ದೆ?"

"ರೀ, 'ನನಗೆ ಮಾತ್ರ'ವೋ, 'ಎಲ್ಲರಿಗೂ'ನೋ ಅಂತ ಮೊಬೈಲೇ ಕೇಳ್ತು. ನನಗೆ ಹೊಸದಾಗಿ ಗೊತ್ತಾಗೋದೇನಿದೆ? ಎಲ್ಲರಿಗೂ ಅಂತ ಒತ್ತಿದೆ."

"ಪುಸ್ತಕ ಅಂದ್ರೆ ಅಡಿಟಿಪ್ಪಣಿ ಇರಬೇಕು. ಇದೇನಿದು?"

"ಅಡುಗೆಮನೇಲಿ ಬರೆದದ್ದಲ್ವಾ? ಅಡುಗೆಟಿಪ್ಪಣಿ ಅನ್ಕೊಳ್ಳಿ."

"ಈಗಲೇ ಎಲ್ಲಾ ಅಳಿಸು!"

"ಅಳಿಸ್ತೀನಿ ಬಿಡಿ," ಎಂದಳು ತಣ್ಣಗೆ. "ಆ ವಾಣಿಜ್ಯದ ಮೇಷ್ಟ್ರ ಪುಸ್ತಕಾನೂ ಇಳಿಸಿಕೊಡಿ. ಪಾಪ, ಅದಕ್ಕೂ ಯಾರೂ ಗತಿ ಇಲ್ವಂತೆ."

"ಬೇಡ, ಇರಲಿ ಬಿಡು," ಎಂದೆ. ಒಂದು ಅಕ್ಷರವೂ ಅಳಿಯಲಿಲ್ಲ.

ಮರುದಿನ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿ, ಯಾವಾಗಲೂ ಮೊದಲ ಸ್ಥಾನದವಳು, ಎದ್ದು ನಿಂತಳು.

"ಸರ್, ಅಂಚಿನಲ್ಲಿರೋ ಪಾಠ ಎಲ್ಲಾ ಚೆನ್ನಾಗಿ ಅರ್ಥ ಆಯ್ತು. ಮಧ್ಯೆ ಯಾರೋ ಏನೇನೋ ಉದ್ದುದ್ದ ಬರೆದಿದಾರಲ್ಲ, ಅದೂ ಪರೀಕ್ಷೆಗೆ ಬರುತ್ತಾ ಸರ್?"

ವಾಣಿಜ್ಯದ ಮೇಷ್ಟ್ರ ಮುಖ ಕಣ್ಣ ಮುಂದೆ ಹಾದುಹೋಯಿತು.

"ಇಲ್ಲಮ್ಮ," ಎಂದೆ, "ಅದನ್ನ ಬಿಟ್ಟು ಓದಿಕೋ."