ಕಾಡುಪಾಪದ ಬಾಣಂತನ

ಪಕ್ಕದಲ್ಲೇ ಕಾಡಿದ್ದ ಮೇಲೆ ಪ್ರಾಣಿಗಳ ಮೇಲೆ ರಿಸರ್ಚ್ ಮಾಡುವವರು ಯಾರಾದರೊಬ್ಬರು ನಮ್ಮ ಎಸ್ಟೇಟಿಗೆ ಬಂದೇ ಬರುತ್ತಾರೆ, ನನ್ನ ತಲೆ ಕೆಡಿಸಿಯೇ ಹೋಗುತ್ತಾರೆ. ಮೂಡಿಗೆರೆ ಕಡೆ ಇನ್ನೂ ಮೊಬೈಲ್ ಬಂದಿರದ ಕಾಲದಲ್ಲಿ ಬಂದವರೊಬ್ಬರನ್ನು ನೆನೆಸಿಕೊಂಡರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ. ದೊಡ್ಡ ವಿದ್ವಾಂಸರು ಮಾರಾಯ್ತಿ, ನೀನು ಸುಮ್ಮನಿರು ಅಂತ ನಮ್ಮ ಯಜಮಾನರು ಔಟ್‌ಹೌಸ್ ಬಿಟ್ಟುಕೊಟ್ಟಿದ್ದರು. ಅವರ ವಿದ್ಯೆ ಅವರಿಗಿರಲಿ, ನಮ್ಮ ತೋಟದ ಜೀವಗಳು ಅವರ ಕೈಯಿಂದ ಉಳಿದರೆ ಸಾಕಾಗಿತ್ತು ನನಗೆ.

ಫ್ರಿಜ್ಜು

ಬಂದ ವಾರದಲ್ಲೇ ರೊಟ್ಟಿಗೆ ಚಟ್ನಿ ಬೇಕೆಂದು ಫ್ರಿಜ್ ತೆಗೆದೆ. ಚಟ್ನಿ ಪಕ್ಕ ಇನ್ನೊಂದು ಡಬ್ಬಿ. ಮುಚ್ಚಳ ತೆಗೆದರೆ ಜೀವಂತ ಕಪ್ಪೆಗಳು, ಒಂದರ ಮೇಲೊಂದು ಮರಗಟ್ಟಿ ಕೂತಿವೆ! ನಾನು ಕಿರುಚಿದ್ದಕ್ಕೆ ಆ ಮಹಾನುಭಾವರು ಓಡಿ ಬಂದು, ಗಾಬರಿ ಬೇಡ, ಚಳಿ ಹಿಡಿದರೆ ಅವು ಅಲ್ಲಾಡುವುದಿಲ್ಲ, ಅಳತೆ ತೆಗೆಯಲು ಅನುಕೂಲ ಅಂತ ವಿವರಿಸಿದರು.

"ಪ್ಯಾಂಟಿಗೆ ಅಳತೆ ತಗೊಳ್ಳೋವಾಗ ಟೈಲರ್ ನಿಮ್ಮನ್ನ ಫ್ರಿಜ್ಜಲ್ಲಿ ಇಡ್ತಾನಾ?" ಅಂದೆ. ಕಪ್ಪೆಗಳನ್ನು ಕೆರೆ ಬದಿಗೆ ಬಿಟ್ಟು ಬರುವವರೆಗೂ ಅವರಿಗೆ ತಿಂಡಿ ಕೊಡಲಿಲ್ಲ.

ಪಿಕಳಾರದ ಗೂಡು

ಕಾಫಿ ಗಿಡದಲ್ಲಿ ಪಿಕಳಾರ ಹಕ್ಕಿ ಮರಿ ಮಾಡಿತ್ತು. ಇವರು ದಿನಾ ಆ ಮರಿಗಳನ್ನು ಎತ್ತಿ ತೂಕ ಹಾಕುವುದು, ಕಾಲಿಗೆ ಬಣ್ಣ ಬಳಿಯುವುದು. ಬೇಡ, ತಾಯಿ ಹೆದರುತ್ತೆ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ ತಾಯಿ ಬರುವುದನ್ನೇ ಬಿಟ್ಟಿತು, ಮರಿಗಳು ಗೂಡಿನಲ್ಲೇ ಸತ್ತವು. ನನಗೆ ಅವತ್ತು ಅನ್ನ ಸೇರಲಿಲ್ಲ.

ಈ ಮನುಷ್ಯ ಮಾತ್ರ ಹುರುಪಿನಲ್ಲಿದ್ದರು. ಪಿಕಳಾರಕ್ಕೆ ಮಕ್ಕಳ ಮೇಲೆ ಮಮತೆ ಕಡಿಮೆ ಅಂತ ಕಾಣುತ್ತೆ, ಯಾಕೆ ಅಂತ ತಿಳಿಯಬೇಕು, ಇನ್ನೊಂದು ಗೂಡು ಎಲ್ಲಾದರೂ ಇದೆಯಾ ಅಂತ ನನ್ನನ್ನೇ ಕೇಳಿದರು. ತೋಟದ ತುಂಬ ಗೂಡಿದ್ದವು. ಒಂದೂ ಇಲ್ಲ ಅಂದೆ.

ಬಾಣಂತಿ

ಆಮೇಲೊಂದು ಬೆಳಿಗ್ಗೆ ನೋಡಿದರೆ ಔಟ್‌ಹೌಸ್ ಜಗಲಿಯಲ್ಲಿ ಬೋನು, ಬೋನಿನೊಳಗೆ ಕಾಡುಪಾಪ, ಅದರ ಹೊಟ್ಟೆಗೆ ಅವಚಿಕೊಂಡ ಮರಿ. ಹಗಲು ಮಲಗುವ ಪ್ರಾಣಿ ಅದು. ಅದರ ಅಷ್ಟಗಲದ ಕಣ್ಣಿಗೆ ಇವರು ಟಾರ್ಚ್ ಬಿಟ್ಟು ಬಿಟ್ಟು ನೋಡುತ್ತಿದ್ದಾರೆ. ಇಟ್ಟ ಬಾಳೆಹಣ್ಣು ಹಾಗೇ ಇತ್ತು. ಹಾಲು ಕೊಡುವ ತಾಯಿ ಉಪವಾಸ ಬಿದ್ದರೆ ಮರಿ ಉಳಿಯುವುದುಂಟಾ?

ನಮ್ಮ ಅತ್ತೆ ಅತಿಥಿಗಳ ಎದುರು ದನಿ ಎತ್ತಿದವರಲ್ಲ. ಅವತ್ತು ಅವರೇ ಒಳಗಿಂದ ಕಂಬಳಿ ತಂದು ಬೋನಿಗೆ ಹೊದಿಸಿ, ಬಾಣಂತಿ ಕಣ್ಣಿಗೆ ಯಾರಾದರೂ ಹೀಗೆ ಬೆಳಕು ಹಿಡಿಯುತ್ತಾರಾ ಅಂತ ಕೇಳಿದರು.

"ಅದು ಬಾಣಂತಿ ಅಲ್ಲ ಅಜ್ಜಿ, ಸ್ಪೆಸಿಮನ್," ಅಂದು ನಕ್ಕು ಅವರು ಸ್ನಾನಕ್ಕೆ ಹೋದರು.

ಅವರು ಅತ್ತ ಹೋದದ್ದೇ ತಡ, ಅತ್ತೆ ಸೊಸೆ ಇಬ್ಬರೂ ಬೋನು ಎತ್ತಿಕೊಂಡು ತೋಟದಾಚೆಯ ಕಾಡಿಗೆ ನಡೆದು ಬಾಗಿಲು ತೆಗೆದೆವು. ಅದು ಮರಿಯ ಸಮೇತ ಬಳ್ಳಿ ಹಿಡಿದು ನಿಧಾನಕ್ಕೆ ಮೇಲೆ ಹತ್ತಿ ಎಲೆಗಳ ನಡುವೆ ಮರೆಯಾಯಿತು.

ವಾಪಸ್ ಬಂದರೆ ಅವರು ಟವಲ್ ಸುತ್ತಿಕೊಂಡೇ ಅಂಗಳದಲ್ಲಿ ಕೂಗಾಡುತ್ತಿದ್ದಾರೆ, ಯಜಮಾನರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಅತ್ತೆ ಕಂಬಳಿ ಮಡಚುತ್ತಾ, ಬಾಣಂತಿ ಅಲ್ವಾ, ತವರಿಗೆ ಕಳಿಸಿದ್ವಿ ಅಂದರು.

ಆ ವಿದ್ವಾಂಸರು ಇದನ್ನೂ ನಿಜವೆಂದೇ ತಿಳಿದು, ಹಾಗಾದರೆ ಯಾವಾಗ ವಾಪಸ್ ಬರುತ್ತೆ, ನಾನೇ ಹೋಗಿ ಕರೆತರಲಾ ಅಂತ ಕೇಳಿದರು.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಬಾಣಂತಿನ ಕರ್ಕೊಂಡು ಬರೋಕೆ ಗಂಡನ ಮನೆಯೋರು ಹೋಗ್ಬೇಕು. ನೀವು ಅದಕ್ಕೆ ಏನಾಗ್ಬೇಕು?"