ಹಾಗ್ಬೆನ್ನನ ತೋಪಿನಲ್ಲಿ ಆಗಸ್ಟ್ ಒಂಬತ್ತು

ಕಳೆದ ಸೆಪ್ಟೆಂಬರಿನಲ್ಲಿ ಸರ್ಕಾರದವರು ಪಂಚಾಂಗ ತಿದ್ದುತ್ತೇವೆಂದು, ಎರಡನೇ ತಾರೀಖಿನ ಮರುದಿನವೇ ಹದಿನಾಲ್ಕೆಂದು ಸಾರಿ, ಹನ್ನೊಂದು ದಿನಗಳನ್ನು ನುಂಗಿ ನೀರು ಕುಡಿದರು. ಲಂಡನ್ನಿನಲ್ಲಿ ಕೂತು ನುಂಗಿದವರಿಗೇನು, ಅಜೀರ್ಣವಾದದ್ದು ಮಾತ್ರ ಕೆಂಟ್ ಸೀಮೆಯ ಜಾಬ್ ಹಾಗ್ಬೆನ್ನನಿಗೆ.

ಜಾಬ್ ಬೆಳೆಯುತ್ತಿದ್ದುದು ಬಾದಾಮಿಯಂತೆ ಒಡೆದು ತಿನ್ನುವ ಫಿಲ್ಬರ್ಟ್ ಕಾಯಿ. ಕಾಡಿನ ಹೇಝಲ್ ಪೊದೆಯನ್ನು ಹಿರಿಯರು ಸವರಿ, ಬಾಗಿಸಿ, ತೋಟದ ಗಿಡವಾಗಿ ಪಳಗಿಸಿದ್ದರು. ಸಂತ ಫಿಲಿಬರ್ಟನ ಹಬ್ಬಕ್ಕೆ ಸರಿಯಾಗಿ ಬಲಿಯುತ್ತದೆಂದೇ ಅದಕ್ಕೆ ಆ ಹೆಸರು. ತೋಪಿನ ಗೇಣಿಯ ಕರಾರೂ ಅದೇ. ಹಬ್ಬದ ದಿನ ಒಂದು ಬುಟ್ಟಿ ಬಲಿತ ಕಾಯಿ ಜಮೀನಿನ ಒಡೆಯನಾದ ದೊರೆಯ ಮನೆ ಮುಟ್ಟಬೇಕು, ಮುಟ್ಟದಿದ್ದರೆ ತೋಪು ಬೇರೆಯವರ ಪಾಲು.

ಹೊಸ ಪಂಚಾಂಗದ ಆಗಸ್ಟ್ ಇಪ್ಪತ್ತು ಬಂತು, ಹಬ್ಬವೂ ಬಂತು. ಕಾಯಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಒಡೆದರೆ ಒಳಗೆ ಬರೀ ನೀರು.

"ಎಂಥದ್ದಾದ್ರೂ ಒಂದು ಬುಟ್ಟಿ ಕೊಟ್ಟುಬಿಡಿ ಅಂದ್ರೆ," ಎಂದಳು ಹೆಂಡತಿ ಥೊಮಾಸಿನ್.

"ನಮ್ಮಪ್ಪ ಎಳೇ ಕಾಯಿ ಕೊಟ್ಟೋನಲ್ಲ, ನಾನೂ ಕೊಡಲ್ಲ. ಪಾರ್ಲಿಮೆಂಟಿಗೆ ತಾರೀಖು ಬದಲಾಯಿಸೋಕೆ ಬರುತ್ತೆ, ಕಾಯಿ ಬಲಿಸೋಕೆ ಬರುತ್ತಾ?"

ಬೇಲಿಯಾಚೆಯಿಂದ ಟ್ಯಾಪ್ಸೆಲ್ ಅಮ್ಮ ಕತ್ತು ಚಾಚಿದಳು. ತೋಪಿನ ಮೇಲೆ ಅವಳಿಗೆ ಮೊದಲಿನಿಂದಲೂ ಕಣ್ಣು. "ಹೋದ್ವರ್ಷದ ಕಾಯಿ ಉಪ್ಪಲ್ಲಿಟ್ಟಿದೀನಿ ಜಾಬ್, ಅದನ್ನೇ ತುಂಬಿ ಕೊಡಪ್ಪ."

"ಆ ಜಾಡಿ ಸಮೇತ ನೀನೇ ದೊರೆ ಮನೆಗೆ ಹೋಗಮ್ಮ."

ಆಕೆ ಹೋದಳು, ಜಾಡಿಯಿಲ್ಲದೆ, ಚಾಡಿ ಹೇಳಲಿಕ್ಕೆ. ಇತ್ತ ಥೊಮಾಸಿನ್ ಗುಟ್ಟಾಗಿ ಒಂದು ಬುಟ್ಟಿ ಕಿತ್ತಿದ್ದಳು. ಜಾಬ್ ಅದನ್ನು ಕಂಡವನೇ ಹಂದಿಯ ಮುಂದೆ ಸುರಿದ. ಹಂದಿ ಮೂಸಿ ನೋಡಿ ಮುಖ ತಿರುಗಿಸಿತು.

"ನೋಡಿದ್ಯಾ? ಹಂದಿಗೂ ತಾರೀಖು ಗೊತ್ತು," ಎಂದ.

ಅಷ್ಟರಲ್ಲಿ ದೊರೆಯ ಪಾರುಪತ್ಯಗಾರ ಪೆನ್‌ಫೋಲ್ಡ್ ಕುದುರೆಯೇರಿ ಬಂದ. ಹಿಂದೆಯೇ ಅರ್ಧ ಊರು ಬಂತು. ಜಾಬ್ ಗೇಟಿಗೆ ಅಡ್ಡ ಮಲಗಿಬಿಟ್ಟ.

"ಇವತ್ತು ಹಬ್ಬ ಅಲ್ಲ ಸ್ವಾಮಿ. ನಿಮಗೆ ಇಪ್ಪತ್ತು ಇರಬಹುದು, ನನ್ನ ತೋಪಿಗೆ ಇನ್ನೂ ಒಂಬತ್ತು. ತೋಪು ಬೇಕಾದ್ರೆ ನನ್ನ ತುಳ್ಕೊಂಡು ಹೋಗಿ."

ಪೆನ್‌ಫೋಲ್ಡ್ ಇಳಿದು, ಒಂದು ಕಾಯಿ ಕಿತ್ತು ಕಡಿದು, ಉಗಿದ. "ಸರಿ ಕಣಯ್ಯ. ಕರಾರು ಹಳೇದು, ಲೆಕ್ಕಾನೂ ಹಳೇದೇ ಇರಲಿ. ತೋಪು ನಿನ್ನದೇ. ನಿನಗೆ ಹಳೇ ಪಂಚಾಂಗ."

ಜಾಬನಿಗೆ ಜೀವ ಬಂದಂತಾಯಿತು. ಎದ್ದು ಟ್ಯಾಪ್ಸೆಲ್ ಅಮ್ಮನ ಕಡೆ ನೋಡಿ ಮೀಸೆ ತಿರುವಿದ. ಮೀಸೆ ಇರಲಿಲ್ಲ, ಆದರೂ ತಿರುವಿದ.

"ಅಂದ್ರೆ ನಿನಗೆ ಇವತ್ತು ಒಂಬತ್ತು," ಎಂದ ಪೆನ್‌ಫೋಲ್ಡ್, ಕುದುರೆಯೇರುತ್ತ.

"ಒಂಬತ್ತೇ. ರಾಜನ ಮುಂದೆ ಬೇಕಾದ್ರೂ ಹೇಳ್ತೀನಿ."

"ಹಾಗಾದ್ರೆ ನಾಳೆ ನಿನಗೆ ಸಂತ ಲಾರೆನ್ಸನ ಹಬ್ಬ. ದೊರೆ ಹೊಲದಲ್ಲಿ ಬಿಟ್ಟಿ ಕೊಯ್ಲು. ಬೆಳಕು ಹರಿಯೋಕೆ ಮುಂಚೆ ಕುಡುಗೋಲು ತಗೊಂಡು ಬಾ. ಪಡುವಣ ಹೊಲ ಇನ್ನೂ ಕೊಯ್ಯದೆ ಪೂರ್ತಿ ನಿಂತಿದೆ."

"ಲಾರೆನ್ಸನ ಕೊಯ್ಲು ಹತ್ತು ದಿನದ ಹಿಂದೆಯೇ ಎಲ್ಲರ ಜೊತೆ ಮುಗಿಸಿದೆನಲ್ಲ ಸ್ವಾಮಿ."

"ಅದು ಅವರ ಹಬ್ಬ. ನೀನು ಪ್ರೀತಿಗೆ ಬಂದಿದ್ದೆ ಅಂತ ದೊರೆಗೆ ಹೇಳ್ತೀನಿ. ಮತ್ತೆ, ದೊರೆ ಮನೆ ಕ್ರಿಸ್‌ಮಸ್ ಊಟಕ್ಕೆ ಇವರ ಜೊತೆ ಬರಬೇಡ. ನಿನ್ನ ಕ್ರಿಸ್‌ಮಸ್ ಬರೋ ಹೊತ್ತಿಗೆ ಒಲೆ ಆರಿರುತ್ತೆ."

ಊರೆಲ್ಲ ನಕ್ಕಿತು. ಜಾಬ್ ಎದೆ ಸೆಟೆಸಿ, "ಒಬ್ಬನೇ ಕೊಯ್ತೀನಿ. ಎಳೇ ಕಾಯಿ ಮಾತ್ರ ಕೊಡಲ್ಲ," ಎಂದ. ಆಮೇಲೆ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. "ಥೊಮಾಸಿನ್, ಕುಡುಗೋಲು ಮಸೆದಿಡೇ. ಇಬ್ರೂ ಹೋದ್ರೆ ಸಂಜೆಗೆ ಮುಗಿಯುತ್ತೆ."

ಥೊಮಾಸಿನ್ ಆಗಲೇ ಟ್ಯಾಪ್ಸೆಲ್ ಅಮ್ಮನ ಪಕ್ಕ ಹೋಗಿ ನಿಂತಿದ್ದಳು.

"ನಾನು ಹೊಸ ಪಂಚಾಂಗದವಳು ರೀ," ಎಂದಳು.