ನಿಮ್ಮ ಜಿರಳೆಯ ಗುಟ್ಟು ನಮ್ಮಲ್ಲಿ ಭದ್ರ

ಜಿರಳೆಗೆ ಮದ್ದು ಹೊಡೆಯುವ ಕಂಪನಿಯಲ್ಲಿ ಇರುವವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ದಿನಾ ಬೆಳಿಗ್ಗೆ ಮೋರಿಯಿಂದ ಮೀಸೆ ಅಲ್ಲಾಡಿಸಿಕೊಂಡು ತಾನಾಗಿಯೇ ಬರುತ್ತದೆ. ಒಂದನ್ನು ಹೇಗೋ ಮುಗಿಸಿದೆವು ಅನ್ನುವಷ್ಟರಲ್ಲಿ ಸಿಂಕಿನ ಕೆಳಗಿಂದ ಇನ್ನೊಂದು.

ಕಂಪನಿ ನನ್ನ ಸೋದರಮಾವನದು. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಅವರ ಮನೆಯ ಹಾಲೇ ಆಫೀಸು. ಪರದೆ ಎಳೆದರೆ ಹೆಡ್ ಆಫೀಸು, ಸರಿಸಿದರೆ ಅತ್ತೆಯ ಅಡಿಗೆಮನೆ. ಸಿಬ್ಬಂದಿ ಅಂದರೆ ಗದಗ ಊರಿನಿಂದ ಬಂದ, ಪಂಪು ಹೊರುವ ಅಣ್ಣ ಒಬ್ಬ, ಮತ್ತೆ ನಾನು. ಹತ್ತನೇ ಕ್ಲಾಸಿನ ಗಣಿತಕ್ಕೂ ನನಗೂ ಸರಿಬೀಳದೆ ನಾನು ಶಾಲೆ ಬಿಟ್ಟು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದೆ. ಅಲ್ಲಿ ಕಲಿತದ್ದರಲ್ಲಿ ಮನೆಯವರ ಮುಂದೆ ಹೇಳಬಹುದಾದದ್ದು ವೆಬ್‌ಸೈಟ್ ಮಾಡುವುದು ಒಂದೇ. ಮಾವ ನನ್ನನ್ನು ಕರೆಸಿ ‘ಕಂಪ್ಯೂಟರ್ ವಿಭಾಗದ ಮುಖ್ಯಸ್ಥ’ ಅಂತ ಕಾರ್ಡು ಹೊಡೆಸಿಕೊಟ್ಟರು. ವಿಭಾಗದಲ್ಲಿ ಬೇರೆ ಯಾರೂ ಇಲ್ಲ.

ಮಾವನ ಕಡೆ ಗಂಡಸಾಗಿ ಹುಟ್ಟಿದವರೆಲ್ಲ ಹೋಟೆಲಿನವರು. ಇವರೊಬ್ಬರೇ “ಇಡ್ಲಿ ಸಾಂಬಾರಿನ ಸಹವಾಸ ನನಗೆ ಬೇಡ” ಅಂತ ಹೊರಗೆ ಬಂದವರು. ಕಲ್ಯಾಣದಲ್ಲಿ ಹೋಟೆಲಿರುವ ದೊಡ್ಡ ಮಾವ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. “ಗಲ್ಲಾಪೆಟ್ಟಿಗೆಯ ಕುರ್ಚಿ ಖಾಲಿ ಉಂಟು, ಮಾರಾಯ. ಹೊಸ ಕುಷನ್ ಹಾಕಿಸಿದ್ದೇನೆ.” ಆ ಕುಷನ್ ಸುದ್ದಿ ಬಂದರೆ ಸಾಕು, ಮಾವ ಮೈಯೆಲ್ಲ ತುರಿಸಿಕೊಳ್ಳುತ್ತಾರೆ. ಘೋಡಬಂದರ್ ರಸ್ತೆಯ ಒಂದು ದೊಡ್ಡ ಫ್ಲ್ಯಾಟ್ ಕಾಂಪ್ಲೆಕ್ಸಿನ ಕಾಂಟ್ರಾಕ್ಟ್ ಸಿಕ್ಕಿದರೆ ಕಂಪನಿ ಉಳಿಯುತ್ತದೆ. ಸಿಗದಿದ್ದರೆ ದೀಪಾವಳಿಯಿಂದ ಮಾವ ಕುಷನ್ ಮೇಲೆ. ಇಲ್ಲಿ ಬರೆದದ್ದೆಲ್ಲ ಆ ಕುಷನ್ ತಪ್ಪಿಸಲು ಹೋಗಿ ಆದದ್ದು.

ಕುದುರೆಯಿಂದ ಜಿರಳೆಗೆ

ಕಾಂಪ್ಲೆಕ್ಸಿನ ಸೆಕ್ರೆಟರಿ ಬೆಂಗಳೂರಿನವರು, ಫೈನಾನ್ಸ್ ಕಂಪನಿಯಲ್ಲಿ ಸಾಹೇಬರು. ಒಂದು ದಿನ ಅವರದೇ ಫೋನ್ ಬಂತು.

“ನಿಮ್ದು ವೆಬ್‌ಸೈಟ್ ಇದೆಯೇನ್ರೀ?”

“ಉಂಟು ಸರ್.”

“ಅದರಲ್ಲಿ ಪ್ರೈವೆಸಿ ಪಾಲಿಸಿ ಇದೆ ತಾನೇ? ಇಲ್ಲಿ ಜನ ಸಾಲ ಮಾಡಿ ಫ್ಲ್ಯಾಟ್ ತಗೊಂಡಿದಾರೆ. ಯಾರ ಮನೇಲಿ ತಿಗಣೆ ಇದೆ ಅಂತ ಹೊರಗೆ ಹೋದ್ರೆ ಫ್ಲ್ಯಾಟಿನ ರೇಟೇ ಬಿದ್ದೋಗುತ್ತೆ.”

“ಪಾಲಿಸಿ ಭರ್ಜರಿ ಉಂಟು ಸರ್.”

ಎರಡೂ ಇರಲಿಲ್ಲ. ಫೋನ್ ಇಟ್ಟು ಮಾವ ನನ್ನನ್ನು ಕೇಳಿದರು, “ವೆಬ್‌ಸೈಟಿಗೆ ಎಷ್ಟು ಹೊತ್ತು ಬೇಕು?”

“ಒಂದು ವಾರ.”

“ಪಾಲಿಸಿಗೆ?”

“ಒಂದು ಚಹಾ ಕುಡಿಯುವಷ್ಟು.”

“ಅದೆಂತ ಅಷ್ಟು ಬೇಗ?”

“ವೆಬ್‌ಸೈಟ್ ನಾನು ಮಾಡಬೇಕು ಮಾವ. ಪಾಲಿಸಿ ಯಾರಾದರೂ ಮಾಡಿಟ್ಟದ್ದು ಇರುತ್ತದೆ.”

ನನಗೆ ಸಿಕ್ಕಿದ್ದು ದೂರದ ಯಾವುದೋ ದೇಶದಲ್ಲಿ ಕುದುರೆಗೆ ಮೇವು ಮಾರುವವರ ಪಾಲಿಸಿ. ಓದಲು ಬಹಳ ಗಂಭೀರವಾಗಿತ್ತು. ಇಡೀ ಎತ್ತಿಕೊಂಡು ‘ಕುದುರೆ’ ಇದ್ದಲ್ಲೆಲ್ಲ ‘ಜಿರಳೆ’ ಅಂತ ಒಂದೇ ಒತ್ತಿಗೆ ಬದಲಿಸಿದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ‘ನಿಮ್ಮ ಜಿರಳೆಯ ತಳಿ, ಹುಟ್ಟಿದ ದಿನ, ಲಸಿಕೆಯ ವಿವರಗಳನ್ನು ನಿಮ್ಮ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಕೊಡುವುದಿಲ್ಲ. ನಮ್ಮ ಸಿಬ್ಬಂದಿ ಗುರುತಿನ ಕಾರ್ಡ್ ತೋರಿಸದೆ ನಿಮ್ಮ ಜಿರಳೆಯ ಹತ್ತಿರ ಬರುವುದಿಲ್ಲ. ಲಾಯದಲ್ಲಿ ಕಂಡದ್ದನ್ನು ಹೊರಗೆ ಹೇಳುವುದಿಲ್ಲ.’ ಲಾಯಕ್ಕೆ ಏನು ಹಾಕುವುದು ಅಂತ ತಿಳಿಯದೆ ಹಾಗೇ ಬಿಟ್ಟೆ.

ಮಾವ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. “ಎಂಥ ಮರ್ಯಾದೆಯ ಬರಹ, ಮಾರಾಯ. ಜಿರಳೆಗೆ ಇಷ್ಟು ಗೌರವ ಯಾವ ಕಂಪನಿ ಕೊಟ್ಟಿದೆ?” ಅಂದವರು ಇಡೀ ಪಾಲಿಸಿಯನ್ನು ಬಾಯಿಪಾಠ ಮಾಡಿಕೊಂಡರು.

ಸೈಟ್ ಶುರುವಾದ ಮೇಲೆ ಮೊದಲ ಪತ್ರ ವಾಶಿಯ ಒಬ್ಬ ಅಜ್ಜನದು. ‘ನಮ್ಮ ಜಿರಳೆಯ ಹುಟ್ಟಿದ ದಿನ ಗೊತ್ತಿಲ್ಲ. ಅಂದಾಜಿಗೆ ಬರೆದರೆ ನಡೆಯುತ್ತದೆಯೇ? ಲಸಿಕೆ ಈವರೆಗೆ ಹಾಕಿಸಿಲ್ಲ, ಕ್ಷಮಿಸಿ.’

ಯಾರ ಪೈಕಿ?

ಗಿರಾಕಿಯ ಹೆಸರು, ಫೋನು, ವಿಳಾಸ, ಯಾವ ಕೀಟ, ಇಷ್ಟು ಕೇಳಿದರೆ ಸಾಕು ಅಂತ ನಾನಂದೆ. ಮಾವ ಒಪ್ಪಲಿಲ್ಲ.

“ಮನೆಗೆ ಬಂದವರನ್ನು ಊರು ಯಾವುದು, ಯಾರ ಪೈಕಿ ಅಂತ ಕೇಳದೆ ಬಿಡುತ್ತೇವಾ? ಬಂದವರಿಗೆ ಬೇಜಾರಾಗುತ್ತದೆ. ಸೈಟಿಗೆ ಬಂದವರನ್ನೂ ಕೇಳಬೇಕು.”

ಹಾಗಾಗಿ ಮನೆ ಯಜಮಾನರ ಹೆಸರು, ಉದ್ಯೋಗ, ಹುಟ್ಟಿದ ದಿನ, ಹುಟ್ಟಿದ ಊರು, ಅಜ್ಜಿಯ ತವರೂರು, ಕಾಟ ಯಾವಾಗಿನಿಂದ, ನಮ್ಮ ಕಂಪನಿ ಹೇಗೆ ಪರಿಚಯ, ಎಲ್ಲ ಸೇರಿಸಿದೆ. ಒಂದನ್ನು ಬಿಟ್ಟರೂ ಅರ್ಜಿ ಮುಂದಕ್ಕೆ ಹೋಗದು. ರಬಾಳೆಯ ಒಂದು ಕಾರ್ಖಾನೆಯ ಮ್ಯಾನೇಜರ್ ಇಲಿ ಕಾಟಕ್ಕೆ ಅರ್ಜಿ ತುಂಬಲು ಕೂತು, ಅಜ್ಜಿಯ ತವರೂರು ಕೇಳಲು ನಾಸಿಕ್‌ಗೆ ಫೋನ್ ಮಾಡಿದರಂತೆ.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನೆ ಇಟ್ಟುಕೊಳ್ಳುವುದು ಚೆಂದವಲ್ಲ ಅಂತ ಮಾವನಿಗೆ ಅನಿಸಿತು. ಗಿರಾಕಿಗಳ ಹುಟ್ಟುಹಬ್ಬಕ್ಕೆ ಮೆಸೇಜ್ ಕಳಿಸಲು ಹೇಳಿದರು. ಒಕ್ಕಣೆ ಅವರದೇ: ‘ನೂರು ಕಾಲ ಬಾಳಿರಿ. ನಿಮ್ಮ ಹಾಸಿಗೆಯ ತಿಗಣೆ ಸತ್ತಿರಬಹುದೆಂದು ಆಶಿಸುತ್ತೇವೆ.’

ಠಾಣೆಯ ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಅದು ಹೋದದ್ದು ಅವರು ಕೇಕ್ ಕತ್ತರಿಸುವಾಗ. ಅವರ ಕೈಯಲ್ಲಿ ಚಾಕು ಇತ್ತು ಅಂತ ಮೊಮ್ಮಗಳು ಮೆಸೇಜನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳಂತೆ. ಸೋಫಾದಲ್ಲಿ ಕೂತಿದ್ದ ಬೀಗರು ನಿಧಾನಕ್ಕೆ ಎದ್ದು ನಿಂತರಂತೆ. ಸಾಹೇಬರು ಮಾವನಿಗೆ ಫೋನ್ ಮಾಡಿ ಉಸಿರು ಬಿಡದೆ ಬೈದರು. ಮಾವ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದರು, “ಆಯ್ತು ಸರ್, ತಪ್ಪಾಯ್ತು. ಸತ್ತಿವೆಯಾ ಇಲ್ಲವಾ, ಅದೊಂದು ಹೇಳಿಬಿಡಿ.”

ಊರಿನಿಂದ ಬಂದ ನೆಂಟ

ದಿವಾದ ಒಂದು ಚಾಳಿನಲ್ಲಿ, ಅಂದರೆ ಸಾಲುಮನೆಗಳಲ್ಲಿ, ಒಂದು ಮನೆಯವರು ಅರ್ಜಿ ಹಾಕಿ ಕೆಳಗೆ ಬರೆದಿದ್ದರು: ‘ಪಕ್ಕದ ಮನೆಯವರಿಗೆ ಗೊತ್ತಾಗಬಾರದು.’ ಅಲ್ಲಿ ಗೋಡೆಗಳು ಎಷ್ಟು ಹತ್ತಿರವೆಂದರೆ ಈ ಮನೆಯವರು ಸೀನಿದರೆ ಆ ಮನೆಯವರು ಮೂಗು ಒರೆಸಿಕೊಳ್ಳಬೇಕು. ಮಾವ ಯೋಚಿಸಿ ಗದಗದ ಅಣ್ಣನ ಸಮವಸ್ತ್ರ ಬಿಚ್ಚಿಸಿ, ಇಸ್ತ್ರಿ ಮಾಡಿದ ಶರ್ಟು ತೊಡಿಸಿ, ಪಂಪನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಟ್ಟರು.

“ಯಾರಾದರೂ ಕೇಳಿದರೆ ಊರಿನಿಂದ ಬಂದ ನೆಂಟ ಅಂತ ಹೇಳು.”

ಬೆಳಿಗ್ಗೆ ಹೋದ ಅಣ್ಣ ಸಂಜೆಗೆ ವೀಳ್ಯ ಜಗಿಯುತ್ತ ಬಂದ.

“ಹೊಡೆದೆಯಾ?” ಅಂದರು ಮಾವ.

“ಎಲ್ಲಿ ಹೊಡೀಲ್ರಿ ಮಾಲಕ್ರ. ಊರಾಗಿಂದ ಬಂದಾನಂತ ಇಡೀ ಚಾಳ ಬಂದು ಕುಂತ್ರು. ಒಬ್ರು ಚಾ ಕೊಟ್ರು, ಒಬ್ರು ಪೋಹೆ ಕೊಟ್ರು, ಮಧ್ಯಾನ್ಹ ಊಟ ಹಾಕಿದ್ರು. ಪಂಪ್ ತೆಗಿಯಾಕ ಪುರಸೊತ್ತ ಎಲ್ಲೈತ್ರಿ?”

“ಹಾಗಾದರೆ ನಾಳೆ ಹೋಗು.”

“ಐತವಾರ ಬಾ ಅಂದಾರ್ರಿ. ಬಾಜೂ ಮನಿಯವರಿಗೆ ಮದುವಿಗೆ ಬಂದ ಮಗಳದಾಳಂತ. ಈ ಸಲ ಪಂಪ್ ಬ್ಯಾಡ ಅನಸ್ತೈತ್ರಿ ನನಗ.”

ಓಡುವ ಕೆಂಪು ಸಾಲು

ಸೈಟಿನ ಕೆಳಗೆ ನಾನೊಂದು ಕೆಂಪು ಸಾಲು ಓಡಿಸಿದ್ದೆ. ಈಗಷ್ಟೇ ಯಾರು ಯಾವ ಕೀಟಕ್ಕೆ ಅರ್ಜಿ ಹಾಕಿದರು ಅನ್ನುವುದು ಅದರಲ್ಲಿ ಬಲದಿಂದ ಎಡಕ್ಕೆ ಹೋಗುತ್ತಿತ್ತು, ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಬರುವ ಹಾಗೆ. ನೋಡಲು ಕಂಪನಿಗೆ ಒಂದು ಕಳೆ ಬಂದಿತ್ತು.

ನಮ್ಮ ಪಕ್ಕದ ಸೊಸೈಟಿಯ ಚೇರ್ಮನ್ ಆ ಹೊತ್ತಿಗೆ ಲಿಫ್ಟಿನ ಹತ್ತಿರ ನೋಟಿಸ್ ಅಂಟಿಸಿದ್ದರು. ಬಿಲ್ಡಿಂಗಿಗೆ ತಿಗಣೆ ಬಂದದ್ದು ನೆಲಮಹಡಿಯ ಬಾಡಿಗೆದಾರರ ಹಾಸಿಗೆಯಿಂದ ಅಂತ. ಅದೇ ವಾರ ಕೆಂಪು ಸಾಲಿನಲ್ಲಿ ಚೇರ್ಮನ್‌ರ ಹೆಸರು ಬಂತು: ಮೂರನೇ ಮಹಡಿ, ತಿಗಣೆ, ಮಂಚ ಮತ್ತು ದಿವಾನ್ ಕಾಟ್, ಬಹಳ ತುರ್ತು. ನೆಲಮಹಡಿಯ ಬಾಡಿಗೆಯಾಕೆ ಮೌಶಿ ಅದರ ಪ್ರಿಂಟ್ ತೆಗೆಸಿ ನೋಟಿಸಿನ ಪಕ್ಕದಲ್ಲೇ, ಅಂಚಿಗೆ ಅಂಚು ಸೇರಿಸಿ ಅಂಟಿಸಿದಳು.

ಚೇರ್ಮನ್ ನಮ್ಮ ಹಾಲಿಗೆ ನುಗ್ಗಿದರು. “ಗುಟ್ಟಾಗಿ ಇಡ್ತೀವಿ ಅಂತ ಬರೆದಿದ್ದೀರಿ. ಇದೇನು?”

ನಾನು ಪಾಲಿಸಿಯ ಪುಟ ತೆಗೆದು ಅವರ ಮುಂದೆ ತಿರುಗಿಸಿದೆ. “ಓದಿ ನೋಡಿ ಕಾಕಾ. ಜಿರಳೆಯ ಗುಟ್ಟು ಮಾತ್ರ ಕಾಪಾಡುತ್ತೇವೆ ಅಂತ ಇದೆ. ತಿಗಣೆಯ ಮಾತೇ ಎತ್ತಿಲ್ಲ.”

ಅವರು ಎರಡು ಸಲ ಓದಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಹಾಗಾದ್ರೆ ನನ್ನದನ್ನ ಜಿರಳೆ ಅಂತ ಬದಲಾಯಿಸು.”

ಕುಕ್ಕರ್ ಕೂಗಿದ್ದು

ಚೇರ್ಮನ್ ಹೋದ ಮೇಲೆ ಮಾವ ಕೆಂಪು ಸಾಲು ತೆಗೆಸಿದರು. ಆದರೆ ಅರ್ಜಿ ಬಂದದ್ದು ತಮಗೆ ಮಾತ್ರ ಆ ಕ್ಷಣವೇ ತಿಳಿಯಬೇಕು ಅಂದರು. ಹಾಗಾಗಿ ಅವರ ಲ್ಯಾಪ್‌ಟಾಪಿನಲ್ಲಿ ಇಡೀ ಅರ್ಜಿ ದೊಡ್ಡ ಅಕ್ಷರದಲ್ಲಿ ತೆರೆದುಕೊಳ್ಳುವ ಹಾಗೆ ಮಾಡಿ, ಕುಕ್ಕರ್ ಸೀಟಿಯ ಸದ್ದು ಕೂರಿಸಿದೆ. ಸದ್ದಾದಾಗಲೆಲ್ಲ ಅತ್ತೆ ಗ್ಯಾಸ್ ಆರಿಸಲು ಓಡುತ್ತಿದ್ದರು. ಆ ವಾರ ನಾವು ಅರೆಬೆಂದ ಬೇಳೆ ತಿಂದೆವು.

ಘೋಡಬಂದರಿನ ಕಮಿಟಿ ಭಾನುವಾರ ಬರಲು ಹೇಳಿತು. ವೆಬ್‌ಸೈಟನ್ನು ಪರದೆಯ ಮೇಲೆ ತೋರಿಸಬೇಕು, ನೋಡಿ ಅಲ್ಲೇ ನಿರ್ಧಾರ. ಹಿಂದಿನ ದಿನ ಮಾವ ನನ್ನನ್ನು ಬದಿಗೆ ಕರೆದರು. “ನಾವು ತೋರಿಸುವಾಗ ಒಂದು ಅರ್ಜಿ ಬಂದರೆ ವ್ಯಾಪಾರ ಜೋರುಂಟು ಅಂತ ಕಾಣುತ್ತದೆ. ಯಾರಿಂದಾದರೂ ಕಳಿಸು. ಜಿರಳೆಯದ್ದೇ ಆಗಲಿ.”

ನಾನು ಅತ್ತೆಗೆ ಕಂಪ್ಯೂಟರ್ ತೆರೆದುಕೊಟ್ಟು, ನಾಳೆ ನಾವು ಹೋದ ಮೇಲೆ, ಊಟದ ಹೊತ್ತಿಗೆ ಮೊದಲು ಒಂದು ಅರ್ಜಿ ತುಂಬಲು ಹೇಳಿದೆ. “ಎಂತ ಬರೆಯಬೇಕು?” ಅಂದರು.

“ಮನಸ್ಸಿಗೆ ಬಂದದ್ದು ಬರೆಯಿರಿ ಅತ್ತೆ.”

“ಓದಿದವರು ಹೊರಗೆ ಹೇಳುವುದಿಲ್ಲವಲ್ಲ?”

“ಪಾಲಿಸಿ ಉಂಟಲ್ಲ.” ಲ್ಯಾಪ್‌ಟಾಪಿನ ವಿಷಯ ಮಾತ್ರ ನಾನು ಎತ್ತಲಿಲ್ಲ.

ಕಾಂಪ್ಲೆಕ್ಸಿನ ಕ್ಲಬ್ ಹೌಸಿನಲ್ಲಿ ಕಮಿಟಿ ಕೂತಿತ್ತು. ಮಾವ ಕೋಟು ಹಾಕಿದ್ದರು. ಅವರ ಲ್ಯಾಪ್‌ಟಾಪಿನಿಂದ ಸೈಟು ಪರದೆಯ ಮೇಲೆ ಗೋಡೆಯಗಲ ಕಾಣುತ್ತಿತ್ತು. “ನಮ್ಮಲ್ಲಿ ಒಬ್ಬ ಗಿರಾಕಿಯ ವಿಷಯ ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ,” ಅಂತ ಮಾವ ಹೇಳುತ್ತಿದ್ದ ಹಾಗೆ ಕುಕ್ಕರ್ ಕೂಗಿತು. ಗೋಡೆಯ ಮೇಲೆ ಅರ್ಜಿ ತೆರೆದುಕೊಂಡಿತು.

ಮನೆ ಯಜಮಾನರ ಹೆಸರು: ‘ನಾನು ಅವರ ಹೆಸರು ಹೇಳುವುದಿಲ್ಲ.’
ಉದ್ಯೋಗ: ‘ತಿಗಣೆಗೆ ಮದ್ದು ಹೊಡೆಯುವುದು, ಬೇರೆಯವರ ಮನೆಯಲ್ಲಿ.’
ಕೀಟ: ‘ತಿಗಣೆ.’
ಕಾಟ ಯಾವಾಗಿನಿಂದ: ‘ಕಂಪನಿ ಸುರುವಾದಾಗಿನಿಂದ.’
ನಮ್ಮ ಕಂಪನಿ ಹೇಗೆ ಪರಿಚಯ: ‘ಮದುವೆಯಾಗಿ.’
ವಿಶೇಷ ಸೂಚನೆ: ‘ನಾಳೆ ಹೊಡೆಯುತ್ತೇನೆ ಅಂತ ಹೇಳಿ ಹೇಳಿ ಸಾಕಾಯಿತು. ಬೇರೆ ಯಾರನ್ನಾದರೂ ಕಳಿಸಿ. ಯಜಮಾನರಿಗೆ ಗೊತ್ತಾಗಬಾರದು.’

ಸೆಕ್ರೆಟರಿ ಕನ್ನಡಕ ಸರಿಮಾಡಿಕೊಂಡರು. “ಏನ್ರೀ ಇದು? ಯಾರದೋ ಮನೆ ವಿಷಯ ನಮಗೆ ಯಾಕೆ ಕಾಣಿಸ್ತಾ ಇದೆ? ನಾಳೆ ನಮ್ಮದೂ ಹೀಗೇ ಇನ್ನೊಂದು ಗೋಡೆ ಮೇಲೆ ಬರುತ್ತೆ ಅಲ್ವಾ?”

ಮಾವ ಕಾಲರಿನೊಳಗೆ ಬೆರಳು ಹಾಕಿ ತುರಿಸಿಕೊಂಡರು. ಬೇರೆಯವರದ್ದು ಅಂದರೆ ಗುಟ್ಟು ಕಾಪಾಡಲಾರದ ಕಂಪನಿ. ತನ್ನದು ಅಂದರೆ ತಿಗಣೆ ಕೊಲ್ಲಲಾರದ ಕಂಪನಿ. ಎರಡೂ ದಾರಿಯ ಕೊನೆಯಲ್ಲಿ ಆ ಕುಷನ್ ಕಾಣುತ್ತಿತ್ತು.

“ಬೇರೆಯವರದ್ದಲ್ಲ ಸರ್,” ಅಂದರು. “ನನ್ನ ಮನೆಯದ್ದೇ. ಬರೆದದ್ದು ನನ್ನ ಹೆಂಡತಿ.”

ಕಮಿಟಿಯಲ್ಲಿ ಒಬ್ಬರು ಮರಾಠಿ ಕಾಕು ಇದ್ದರು. ಅವರು ನಿಧಾನವಾಗಿ ಹೇಳಿದರು, “ನಮ್ಮ ಅಹೋ, ನಮ್ಮ ಯಜಮಾನರು, ಎಲೆಕ್ಟ್ರಿಕಲ್ ಇಂಜಿನಿಯರ್. ನಮ್ಮ ಬಾತ್‌ರೂಮಿನ ಬಲ್ಬು ಗಣಪತಿ ಹಬ್ಬದಿಂದ ಉರಿಯುತ್ತಿಲ್ಲ. ಈ ಮನುಷ್ಯ ಒಪ್ಪಿಕೊಂಡನಲ್ಲ, ಅಷ್ಟಾದರೂ ಆಯಿತು.”

ಸೆಕ್ರೆಟರಿ ನಗು ಹಿಡಿದುಕೊಂಡು ಕಾಗದ ಮಡಚಿದರು. “ಮೊದಲು ಆ ಗಿರಾಕಿಯ ಕೆಲಸ ಮುಗಿಸಿ. ನಾಳೆ ಫೋನ್ ಮಾಡ್ತೀನಿ. ನಮ್ಮದು ಆಮೇಲೆ.”

ಮರುದಿನ ಬೆಳಿಗ್ಗೆ ಮಾವ ಸಮವಸ್ತ್ರ, ಮಾಸ್ಕು ಹಾಕಿ, ಬೆನ್ನಿಗೆ ಪಂಪು ಏರಿಸಿ ತಮ್ಮದೇ ಮನೆಯ ಬೆಲ್ ಒತ್ತಿದರು. ಹಿಂದೆ ನಾನು, ಬಕೆಟ್ ಹಿಡಿದು. ಅತ್ತೆ ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದರು.

“ಗುರುತಿನ ಕಾರ್ಡ್?”

“ನಾನು ಮಾರಾಯ್ತಿ.”

“ಇರಬಹುದು. ಪಾಲಿಸಿಯಲ್ಲಿ ಬರೆದುಂಟು.”

ಮಾವನ ಬಳಿ ಕಾರ್ಡು ಇರಲಿಲ್ಲ. ಕೊನೆಗೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನ ಕಾರ್ಡಿನ ಮೇಲೆ ಒಳಗೆ ಹೋದರು. ಮಂಚ ಬಿಚ್ಚಿ, ಹಾಸಿಗೆ ಬಾಲ್ಕನಿಗೆ ಎಳೆದು, ಒಂದು ಸಂದು ಬಿಡದೆ ಹೊಡೆದರು. ಅವರು ಅಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದನ್ನು ನಾನು ಯಾವ ಗಿರಾಕಿಯ ಮನೆಯಲ್ಲೂ ನೋಡಿಲ್ಲ. ಕೈಯಲ್ಲಿ ಪಂಪು ಇರುವಾಗಲೇ ಸೆಕ್ರೆಟರಿಯ ಫೋನ್ ಬಂತು.

“ಏನಾಯ್ತ್ರೀ? ಆ ಮನೆ ಕೆಲಸ ಆಯ್ತಾ? ತುಂಬಾ ಇದ್ವಾ?”

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಮಾವ ಮಾಸ್ಕು ಕೆಳಗೆ ಸರಿಸಿ, ಬಾಯಿಪಾಠ ಮಾಡಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು:

“ಲಾಯದಲ್ಲಿ ಕಂಡದ್ದನ್ನು ನಾವು ಹೊರಗೆ ಹೇಳುವುದಿಲ್ಲ ಸರ್.”

ಆ ಕಡೆ ನಗು ಕೇಳಿಸಿತು. ಆಮೇಲೆ ಸೆಕ್ರೆಟರಿ ಹೇಳಿದರು, “ನಾಳೆಯಿಂದ ನಮ್ಮ ಕಾಂಪ್ಲೆಕ್ಸಿನ ಎ ವಿಂಗ್ ಶುರು ಮಾಡಿ. ಆ ಲಾಯದ ಕುದುರೆ ಯಾರದ್ದು ಅಂತ ನಾನು ಕೇಳಲ್ಲ.”